ಬಾಗಿಲಿದ್ದ ಸ್ಕೂಟರ್

ಪ್ರಾಜಕ್ತಾ ಕಾಲರ್ ಹಿಡಿದು ಎಳೆದ ರಭಸಕ್ಕೆ ಸಂಗ್ರಾಮನ ಅಂಗಿಯ ಎರಡು ಗುಂಡಿಗಳು ಕಿತ್ತುಬಂದವು. ಒಂದು ಉರುಳಿಕೊಂಡು ಹೋಗಿ ಬೋರ್ಡಿನ ಕೆಳಗೆ ನಿಂತಿತು. ಐದನೇ ತರಗತಿಯ ನಗು ಅಲ್ಲಿಗೇ ನಿಂತುಹೋಯಿತು.

"ಇನ್ನೊಮ್ಮೆ ಮಾಡು ನೋಡೂಣು," ಎಂದಳು ಪ್ರಾಜಕ್ತಾ.

ಸಂಗ್ರಾಮ ಬೆಂಚುಗಳ ನಡುವೆ ಸ್ಕೂಟರ್ ಹೊಡೆಯುವವನಂತೆ ಕೈ ಚಾಚಿಕೊಂಡು ಬಂದಿದ್ದ. ಬಾಯಲ್ಲೇ ಇಂಜಿನ್ ಸದ್ದು ಮಾಡಿ, ಅರ್ಧಕ್ಕೆ ಫುಸ್ ಎಂದು ನಿಂತಿದ್ದ. ಆಮೇಲೆ ಒಂದು ಕಾಲು ಎಳೆಯುತ್ತ ಇಳಿದು ಕೋಳಿಯಂತೆ ಕೂಗಿದ್ದ. ಅದು ಯಾರ ನಕಲು ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಹಿಂದಿನ ದಿನದಿಂದ ಒಂದು ರೀಲ್ಸ್ ಏಕಸಂಬಿಯ ಮನೆಮನೆಯ ಮೊಬೈಲಿನಲ್ಲಿ ಓಡುತ್ತಿತ್ತು. ಅದರಲ್ಲಿ ಇದ್ದದ್ದು ಪ್ರಾಜಕ್ತಾಳ ಪಪ್ಪಾ, ಅಣ್ಣಾಸಾಬ.

ಸುಂದರಾ ಟೀಚರ್ ಒಳಗೆ ಬಂದು, ಏನು ನಡೆಯಿತು ಎಂದು ಎರಡು ಸಲ ಕೇಳಿದರು. ಸಂಗ್ರಾಮ ಹೇಳಲಿಲ್ಲ. ಪ್ರಾಜಕ್ತಾಳೂ ಹೇಳಲಿಲ್ಲ. ಹೇಳಬೇಕೆಂದರೆ ಆ ಕಾಲು ಎಳೆದದ್ದನ್ನೂ ಹೇಳಬೇಕಾಗಿತ್ತು. ಅದು ಅವಳ ಬಾಯಿಂದ ಬರುವಂತಿರಲಿಲ್ಲ. ನಾಳೆ ಪಪ್ಪಾನನ್ನು ಕರೆದುಕೊಂಡು ಬಾ ಎಂದರು ಟೀಚರ್. ಅವಳಿಗೆ ಸಿಟ್ಟು ಇನ್ನಷ್ಟು ಏರಿತು.

ಅಣ್ಣಾಸಾಬನಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಬಲಗಾಲು ಸೊರಗಿಹೋಗಿತ್ತು. ಕಬ್ಬಿನ ಗದ್ದೆಗೆ ನೀರೆತ್ತುವ ಮೋಟರ್‌ಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಒಮ್ಮೆ ಸತ್ಯಪ್ಪ ಮಾಸ್ತರರ ಕೊಟ್ಟಿಗೆಯಲ್ಲಿ ಅವನಿಗೆ ಒಂದು ಹಳೇ ಸ್ಕೂಟರ್ ಕಂಡಿತು. ಅದರ ಮೇಲೆ ಮೇವಿನ ಹೊರೆ ಇಟ್ಟಿದ್ದರು. ದುಂಡನೆಯ ಮೂಗು, ಪುಟ್ಟ ಗಾಲಿಗಳು, ಹ್ಯಾಂಡಲಿನಲ್ಲೇ ಗೇರು. ಅಂಥ ಸ್ಕೂಟರ್ ತಯಾರಿಸುವುದು ನಿಂತು ಎಷ್ಟೋ ವರ್ಷವಾಗಿತ್ತು. ಒಂದು ಸಾಮಾನೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಅಣ್ಣಾಸಾಬ ಅದನ್ನು ಕೇಳಿ ಮನೆಗೆ ತಂದು, ಸಿಗದ ಸಾಮಾನುಗಳನ್ನು ತಾನೇ ಮಾಡಿಕೊಂಡ. ಮೂರು ವರ್ಷ ಹಿಡಿಯಿತು. ಕಾಲಿನ ಬ್ರೇಕನ್ನು ಕೈಗೆ ತಂದ. ಹಿಂದೆ ಎರಡೂ ಪಕ್ಕಕ್ಕೆ ಒಂದೊಂದು ಸಣ್ಣ ಗಾಲಿ ಕೂಡಿಸಿದ. ಮಳೆಯಲ್ಲಿ ಊರುಗೋಲು ಜಾರುತ್ತದೆಂದು ಸುತ್ತಲೂ ತಗಡಿನ ಕ್ಯಾಬಿನ್ ಕಟ್ಟಿ, ಮುಂದೆ ಜೀಪಿನ ಗಾಜು ಹಾಕಿದ. ಪಕ್ಕಕ್ಕೆ ತಿಜೋರಿಯ ಹಿಡಿಕೆಯಿದ್ದ ಒಂದು ಬಾಗಿಲು. ಒಳಗೆ ಹಿಂದಿನ ಸೀಟು ಪ್ರಾಜಕ್ತಾಳದು. ಕಬ್ಬಿನ ಟ್ರ್ಯಾಕ್ಟರ್ ಎಷ್ಟೇ ಧೂಳು ಎಬ್ಬಿಸಿಕೊಂಡು ಹೋದರೂ ಅವರಿಬ್ಬರ ಕೂದಲು ಕೆಂಪಾಗುತ್ತಿರಲಿಲ್ಲ.

ರವಿವಾರ ಮೊಬೈಲ್ ಅಂಗಡಿಯ ಮಲ್ಲೇಶ ಮನೆಗೆ ಬಂದಿದ್ದ. "ಕಾಕಾ, ಇಂಥಾ ಗಾಡಿ ಇಡೀ ಚಿಕ್ಕೋಡಿ ತಾಲೂಕಿನ್ಯಾಗ ಇಲ್ರಿ," ಎಂದಿದ್ದ. ಪಪ್ಪಾ ಒಗೆದ ಅಂಗಿ ಹಾಕಿಕೊಂಡು ಅರ್ಧ ತಾಸು ಒಂದೊಂದೇ ತೋರಿಸಿ ಹೇಳಿದ್ದ. ಆಮೇಲೆ ಪಪ್ಪಾ ಗಾಡಿ ಹೊಡೆದ. ಮಲ್ಲೇಶ ಗೆಳೆಯನ ಬೈಕಿನ ಮೇಲೆ ಹಿಂದೆ ಕೂತು ಶೂಟಿಂಗ್ ಮಾಡುತ್ತ ಹೋದ. ನಡುದಾರಿಯಲ್ಲಿ, ಇಲ್ಲಿ ನಿಲ್ಲಿಸಿ ಇಳೀರಿ ಎಂದ. ಪಪ್ಪಾ ಇಳಿದ.

ರೀಲ್ಸಿನಲ್ಲಿ ಆ ಅರ್ಧ ತಾಸಿನ ಮಾತು ಇರಲೇ ಇಲ್ಲ. ಸ್ಕೂಟರ್ ಕೆಟ್ಟು ನಿಂತ ಸದ್ದು, ಪಪ್ಪಾ ಕಾಲೆಳೆದು ಇಳಿಯುವುದು, ಕೋಳಿಯ ಕೂಗು. ಮೇಲೆ ದೊಡ್ಡ ಅಕ್ಷರದಲ್ಲಿ 'ಕೋಳಿ ಗೂಡಿನ ಹೀರೋ' ಎಂದು ಬರೆದಿತ್ತು.

ಶಾಲೆ ಬಿಟ್ಟ ಮೇಲೆ ಪ್ರಾಜಕ್ತಾ ಮನೆಗೆ ಹೋಗಲಿಲ್ಲ. ಸೀದಾ ಮಲ್ಲೇಶನ ಅಂಗಡಿಗೆ ಹೋಗಿ, ಕೌಂಟರಿನ ಮುಂದೆ ಬ್ಯಾಗು ಎಸೆದು ನಿಂತಳು.

ಮಲ್ಲೇಶ ನಕ್ಕ. ಊರು ಬಿಟ್ಟು ಹೊರಗೂ ಎಷ್ಟು ಜನ ನೋಡಿದ್ದಾರೆ ಗೊತ್ತೇನು, ನಿಮ್ಮ ಪಪ್ಪಾ ಫೇಮಸ್ ಆದರು ಎಂದ. ಡಬ್ಬಿಯಿಂದ ಒಂದು ಚಾಕಲೇಟ್ ತೆಗೆದು ಕೊಟ್ಟ. ಅವಳು ಅದನ್ನು ರಸ್ತೆಗೆ ಒಗೆದಳು.

"ಗಾಡಿ ಕೆಟ್ಟಿರಲಿಲ್ಲ," ಎಂದಳು. "ನೀನ ನಿಲ್ಲಸು ಅಂದಿ, ಮಲ್ಲೇಶಣ್ಣಾ. ನಾನೂ ಅಲ್ಲೇ ಒಳಗ ಕುಂತಿದ್ನಿ."

ಅದು ಕಾಮಿಡಿ, ಅಷ್ಟಕ್ಕೆಲ್ಲ ಯಾರಾದರೂ ಅಳುತ್ತಾರೇನು ಎಂದು ಮಲ್ಲೇಶ ಕೇಳಿದ. ಅವಳು ಅಳುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೆ.

ಅಷ್ಟರಲ್ಲಿ ಅಂಗಡಿಯ ಮುಂದೆ ಪಪ್ಪಾನ ಸ್ಕೂಟರ್ ಬಂದು ನಿಂತಿತು. ಬಾಗಿಲು ತೆರೆಯಿತು. ಮೊದಲು ಊರುಗೋಲು, ಆಮೇಲೆ ಪಪ್ಪಾ. ಮಗಳು ಮನೆಗೆ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದ.

"ಪಪ್ಪಾ, ಬೈಯಿ ಇವಂಗ," ಎಂದಳು ಪ್ರಾಜಕ್ತಾ.

ಪಪ್ಪಾ ಬೈಯಲಿಲ್ಲ. ಮೆಟ್ಟಿಲೇರಿ ಬಂದು ಕೌಂಟರ್ ಹಿಡಿದು ನಿಂತ. ಇಷ್ಟೆಲ್ಲ ಆದರೂ ಸುಮ್ಮನಿದ್ದಾನಲ್ಲ ಎಂದು ಅವಳಿಗೆ ಪಪ್ಪಾನ ಮೇಲೂ ಸಿಟ್ಟು ಬಂತು. ಆ ದಿನ ಒಗೆದ ಅಂಗಿ ಹಾಕಿಕೊಂಡು ಕ್ಯಾಮೆರಾದ ಮುಂದೆ ನಕ್ಕದ್ದು ನೆನಪಾಗಿ ಇನ್ನೂ ಬಂತು.

"ಮಲ್ಲೇಶ, ನನ್ನ ಕಾಲು ಹೆಂಗೈತಿ ಹಂಗ ತೋರಿಸೀದಿ. ಅದಕ್ಕ ನಾ ಏನೂ ಅನ್ನೂದಿಲ್ಲ," ಎಂದ ಪಪ್ಪಾ. "ಆದ್ರ ನನ್ನ ಗಾಡಿ ದಾರ‍್ಯಾಗ ಕೆಟ್ಟು ನಿಂತಿಲ್ಲ. ನೀ ಸುಳ್ಳು ಹೇಳೀದಿ. ತೆಗಿ ಅದನ್ನ."

ದನಿ ಏರಿರಲಿಲ್ಲ. ಆದರೆ ಕೌಂಟರಿನ ಮೇಲಿದ್ದ ಮೊಬೈಲನ್ನು ಮಲ್ಲೇಶನ ಮುಂದಕ್ಕೆ ಸರಿಸಿದ.

ಮಲ್ಲೇಶನ ನಗು ಇಳಿಯಿತು. ಅವರೆದುರೇ ರೀಲ್ಸ್ ತೆಗೆದುಹಾಕಿದ. ಆಗಲೇ ಬೇರೆಯವರ ಮೊಬೈಲಿಗೆ ಹೋದದ್ದನ್ನು ತನ್ನಿಂದ ತೆಗೆಯಲಾಗುವುದಿಲ್ಲ ಎಂದು ತಲೆ ತಗ್ಗಿಸಿ ಹೇಳಿದ. ಅದು ಪ್ರಾಜಕ್ತಾಳಿಗೂ ಗೊತ್ತಿತ್ತು. ನಾಳೆಯೂ ಯಾರೋ ಕೋಳಿಯಂತೆ ಕೂಗುತ್ತಾರೆ.

ಪಪ್ಪಾ ಮಾತ್ರ ಹೊರಡಲಿಲ್ಲ. ಆ ದಿನ ಹಿಂದಿನಿಂದ ತೆಗೆದದ್ದು ಇದ್ದರೆ ಪೂರ್ತಿ ತೋರಿಸು ಎಂದ. ಮಲ್ಲೇಶ ಹುಡುಕಿ ಹಚ್ಚಿಕೊಟ್ಟ. ಕೋಳಿ ಇಲ್ಲ, ಅಕ್ಷರ ಇಲ್ಲ. ತಿಳಿಹಸಿರು ಸ್ಕೂಟರ್ ಕಬ್ಬಿನ ಗದ್ದೆಗಳ ನಡುವೆ ಹೋಗುತ್ತಿತ್ತು. ತಿರುವಿನಲ್ಲಿ ಬಿಸಿಲು ಬಿದ್ದು ಜೀಪಿನ ಗಾಜು ಫಳ್ ಎಂದಿತು. ಪಪ್ಪಾ ಮೊಬೈಲನ್ನು ಮುಖದ ಹತ್ತಿರ ಹಿಡಿದು ನೋಡಿದ. ಮುಗಿದ ಮೇಲೆ ಮತ್ತೆ ಹಚ್ಚು ಎಂದ.

"ನಾ ಯಾವಾಗೂ ಒಳಗ ಇರ್ತೀನಲ್ಲ," ಎಂದ, ಯಾರಿಗೆಂದಿಲ್ಲದೆ. "ಇದು ಓಡೂದನ್ನ ಒಮ್ಮೆನೂ ನೋಡಿರಲಿಲ್ಲ."

ಪ್ರಾಜಕ್ತಾ ಪಪ್ಪಾನ ಮುಖ ನೋಡಿದಳು. ಊರಿನವರೆಲ್ಲ ದಿನಾ ನೋಡುತ್ತಿದ್ದರು. ಬೇಕಾದವರು, ಬೇಡವಾದವರು, ನಗುವವರು. ಮೂರು ವರ್ಷ ಕೂತು ಮಾಡಿದವನೊಬ್ಬನೇ ನೋಡಿರಲಿಲ್ಲ.

ಮನೆಗೆ ಹೋಗುವಾಗ ಅವಳು ಗುಂಡಿಯ ವಿಷಯ ಹೇಳಿದಳು. ಸಂಗ್ರಾಮ ಏನು ಮಾಡಿದನೆಂಬುದನ್ನೂ, ಟೀಚರ್ ಕರೆದದ್ದನ್ನೂ ಹೇಳಿದಳು. ನಾಳೆ ಶಾಲೆಗೆ ಬರುತ್ತೇನೆ, ಗುಂಡಿ ಮಾತ್ರ ನೀನೇ ಹಚ್ಚಿಕೊಡಬೇಕು ಎಂದ ಪಪ್ಪಾ. ಅವಳಿಗೆ ಅದು ಸರಿ ಅನ್ನಿಸಲಿಲ್ಲ. ಆದರೂ ಹೂಂ ಎಂದಳು.

ಊರು ದಾಟಿದ ಮೇಲೆ ಅವಳು ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದಳು.

"ನೀ ಮುಂದ ಹೋಗಿ ಹೊಳ್ಳಿ ಬಾ, ಪಪ್ಪಾ. ನಾ ನಿಂತು ನೋಡ್ತೀನಿ."

ಸ್ಕೂಟರ್ ಹೊರಟಿತು. ಎದುರಿಗೆ ಬೈಕಿನಲ್ಲಿ ಬಂದ ಇಬ್ಬರು ಅದರತ್ತ ಕೈ ತೋರಿಸಿ ನಕ್ಕರು. ಪ್ರಾಜಕ್ತಾಳ ಕಿವಿ ಬಿಸಿಯಾದವು. ಆದರೆ ಅವರನ್ನು ನೋಡುತ್ತ ನಿಂತರೆ ಗಾಡಿ ನೋಡುವುದು ತಪ್ಪುತ್ತಿತ್ತು. ಅವಳು ಕಣ್ಣು ಕೀಳದೆ ಗಾಡಿಯನ್ನೇ ನೋಡಿದಳು.

ಪಪ್ಪಾ ಮರಳಿ ಬಂದು ಹೆಂಗ ಕಾಣಸ್ತೈತಿ ಎಂದು ಕೇಳಿದ.

"ಎಡಗಡೆ ಮಡ್‌ಗಾರ್ಡ್ ಅಲಗಾಡಾಕತ್ತೈತಿ," ಎಂದಳು. "ಒಳಗ ಕುಂತ್ರ ಗೊತ್ತಾಗೂದಿಲ್ಲ."

ಪಪ್ಪಾ ಅವಳನ್ನೇ ನೋಡಿದ. ಆಮೇಲೆ ಸೀಟಿನ ಕೆಳಗಿಂದ ಪಾನಾ ತೆಗೆದು ಕಿಟಕಿಯಿಂದ ಕೊಟ್ಟ. ಪ್ರಾಜಕ್ತಾ ಧೂಳಿನಲ್ಲಿ ಮೊಣಕಾಲೂರಿ ಕೂತು ಸಡಿಲಾದ ನಟ್ಟಿಗೆ ಪಾನಾ ಹಾಕಿದಳು. ಸಿಟ್ಟು ಇನ್ನೂ ಹಾಗೇ ಇತ್ತು. ಎರಡೂ ಕೈ ಹಚ್ಚಿ, ಹಲ್ಲು ಕಚ್ಚಿ ಬಿಗಿದಳು. ಸಾಕು ಎಂದು ಪಪ್ಪಾ ಹೇಳಿದ ಮೇಲೆ ಇನ್ನೊಂದು ಸುತ್ತು ಬಿಗಿದಳು.