ಯಾರೂ ಒತ್ತದ ಅಕ್ಷರಗಳು

"ಅಲ್ಲೇನ್ ಮಾಡಾಕತ್ತೀರಿ?"

ಸುಪ್ರೀತಾಳ ದನಿಗೆ ಮೇಜಿನ ಕೆಳಗಿದ್ದ ಯುವಕ ಬೆಚ್ಚಿ ಎದ್ದ. ತಲೆ ಹಲಗೆಗೆ ಬಡಿಯಿತು.

"ಕಂಪ್ಯೂಟರ್ ಸರ್ವಿಸ್‌ನಿಂದ ಬಂದಿದೀನಿ ಮೇಡಂ. ಭಾರ್ಗವ್ ಅಂತ. ಹೊಸ ಕೀಬೋರ್ಡ್ ಹಾಕ್ತಿದ್ದೆ..."

"ನನ್ನನ್ನ ಕೇಳ್ದೇ ನನ್ನ ಕಂಪ್ಯೂಟರ್ ಯಾಕ್ ಮುಟ್ಟಿದ್ರಿ? ಹಾಕಿದ್ದಾತಲ್ಲ, ಏಳ್ರಿ."

"ಇನ್ನೊಂದು ಸ್ವಲ್ಪ ಕೆಲಸ ಇದೆ..."

"ಏಳ್ರಿ ಅಂದ್ನಲ್ಲ."

ಕೂದಲಿಗೆ ಜೇಡರಬಲೆ ಅಂಟಿಸಿಕೊಂಡೇ ಅವನು ಎದ್ದು ಹೊರಟ. ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದ.

ಆ ನೋಟ ಅವಳಿಗೆ ಹಿಡಿಸಲಿಲ್ಲ. ಏನನ್ನೋ ಬಚ್ಚಿಟ್ಟುಕೊಂಡವನ ನೋಟ ಅದು... ಅಂತ ಅವಳಿಗೆ ಅನಿಸಿತು.

ಇಂದಿರಾನಗರದ ಹಳೆಯ ಬಂಗಲೆಯೊಂದರ ಕೆಳಮಹಡಿಯಲ್ಲಿ ಶಿವಶಂಕರಪ್ಪನವರ ಯಾತ್ರಾ ಕಚೇರಿ. ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ತಮ್ಮಂಥ ನಿವೃತ್ತರನ್ನೇ ಕಾಶಿ, ರಾಮೇಶ್ವರಕ್ಕೆ ಕರೆದೊಯ್ಯುವ ಕೆಲಸ ಹಿಡಿದಿದ್ದರು. ದೊಡ್ಡ ಕೋಣೆಯನ್ನು ಪ್ಲೈವುಡ್ ಹಲಗೆಯಿಂದ ಎರಡು ಮಾಡಿ, ಆಚೆಗೆ ಅವರು, ಈಚೆಗೆ ಸುಪ್ರೀತಾ ಕೂರುತ್ತಿದ್ದರು. ಅವರ ಭಾವಮೈದುನ ಸಿಂಗಪುರದಿಂದ ತಂತಿಯಿಲ್ಲದ ಕೀಬೋರ್ಡ್ ಎರಡು ತಂದುಕೊಟ್ಟಿದ್ದ. ಒಂದು ಅವರಿಗೆ, ಇನ್ನೊಂದು ಸುಪ್ರೀತಾಳಿಗೆ.

ಸುಪ್ರೀತಾ ಗದಗದಿಂದ ಬಂದವಳು. ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. "ಖಾಯಂ ಆದ್ರ ಇರು, ಇಲ್ಲಂದ್ರ ಯುಗಾದಿಗೆ ಗಂಟು ಮೂಟೆ ಕಟ್ಕೊಂಡು ಬಾ" ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೇ ಅವಳು ಪ್ರತಿ ಪತ್ರವನ್ನೂ ಮತ್ತೆ ಮತ್ತೆ ಓದುತ್ತಿದ್ದಳು. ಓದಿದ ಮೇಲೂ, ಸರಿಯಾಗಿ ಓದಿದೆನೇ ಎಂಬ ಅನುಮಾನ ಅವಳನ್ನು ಬಿಡುತ್ತಿರಲಿಲ್ಲ.

ಮುಂದಿನ ವಾರ ಭಾರ್ಗವ್ ಮತ್ತೆ ಬಂದ. ಸಾಹೇಬರಿಗೆ ಕಂಪ್ಯೂಟರ್ ಕಲಿಸುವ ಕೆಲಸ ಅವನ ಪಾಲಿಗೆ ಬಂದಿತ್ತು.

"ತೊಂದರೆ ಏನಾದ್ರೂ ಇದೆಯಾ ಮೇಡಂ?" ಎಂದು ಹಲಗೆಯ ಬಳಿ ನಿಂತು ಕೇಳಿದ.

"ಏನಿಲ್ಲ."

ಅವನು ಸಾಹೇಬರ ಕೋಣೆಗೆ ಹೋದ. ಸುಪ್ರೀತಾ ಫೋನ್ ಎತ್ತಿಕೊಂಡಳು. ಫೋನ್ ಇಟ್ಟು ತಿರುಗಿದರೆ, ಪರದೆಯ ಮೇಲೆ ಅವಳ ಪತ್ರದ ನಡುವೆ ಅರ್ಥವಿಲ್ಲದ ಅಕ್ಷರಗಳ ಸಾಲು!

ಅವಳ ಕೈ ಕೀಬೋರ್ಡ್ ಮೇಲಿರಲಿಲ್ಲ.

ಕಣ್ಣೆದುರೇ ಇನ್ನೊಂದು ಅಕ್ಷರ ಮೂಡಿತು. ಮತ್ತೊಂದು... ಆಮೇಲೆ ನಿಂತಿತು.

ಅವತ್ತು ಮೇಜಿನ ಕೆಳಗೆ ಕೂತು ಇವನು ಏನು ಮಾಡಿದ? ಒಳಗೆ ಕೂತುಕೊಂಡು ನನ್ನ ಪತ್ರಗಳನ್ನೆಲ್ಲ ಓದುತ್ತಿದ್ದಾನೆಯೇ?

ಹೊರಡುವಾಗ ಅವನು ಮತ್ತೆ ಅದೇ ಪ್ರಶ್ನೆ ಕೇಳಿದ. ಅವಳು ಮತ್ತೆ "ಏನಿಲ್ಲ" ಎಂದಳು. ಕಳ್ಳನ ಬಳಿಯೇ ಕಳವಿನ ದೂರು ಕೊಡುವುದೇ?

ಪಾಸ್‌ವರ್ಡ್ ಬದಲಿಸಿದಳು. ಅವನು ಬಂದ ದಿನ ಇಂಟರ್ನೆಟ್ ವೈರ್ ಕಿತ್ತಿಟ್ಟಳು. ಆದರೂ ಅಕ್ಷರಗಳು ಬಂದವು. ಅವನು ಬಂದ ದಿನ ಮಾತ್ರ.

"ಏನ್ರೀ ಸುಪ್ರೀತಾ, ಆ ಹುಡ್ಗ ಬಂದ್ರೆ ನಿಮ್ ಮುಖ ಯಾಕೆ ಹಿಂಗಾಗುತ್ತೆ?" ಟಿಕೆಟ್ ನೋಡಿಕೊಳ್ಳುವ ಫಹ್ಮಿದಾ ಊಟದ ಡಬ್ಬಿ ಬಿಚ್ಚುತ್ತಾ ಕೇಳಿದಳು.

"ಹೆಂಗ ಆಗ್ತದ?"

"ಒಂದು ಪ್ರೀತಿ, ಇಲ್ಲಾ ಪೊಲೀಸ್. ಎರಡ್ರಲ್ಲಿ ಒಂದು."

"ಪೊಲೀಸ್" ಎಂದಳು ಸುಪ್ರೀತಾ. ಫಹ್ಮಿದಾ ನಕ್ಕಳು. ಅವಳು ನಗಲಿಲ್ಲ.

ಒಂದು ಬೆಳಿಗ್ಗೆ ಶಿವಶಂಕರಪ್ಪ ಅವಳನ್ನು ಒಳಗೆ ಕರೆದರು.

"ಕಾಶಿ ಛತ್ರದವರು ಫೋನ್ ಮಾಡಿದ್ರು. ಎರಡೇ ಕೋಣೆ ಇಟ್ಟಿದಾರಂತೆ. ಇಪ್ಪತ್ತು ಬೇಕು ಅಂದಿದ್ನಲ್ಲಮ್ಮ?"

"ಇಪ್ಪತ್ತೇ ಹಾಕಿದ್ದೆ ಸರ್."

"ನಿನ್ನ ಮೇಲ್‌ನಲ್ಲಿ ಎರಡು ಅಂತಿದೆ. ಸೊನ್ನೆ ಎಲ್ಲಿ ಹೋಯ್ತು? ಆ ಮುದುಕ್ರನ್ನೆಲ್ಲ ಗಂಗೆ ದಡದಲ್ಲಿ ಮಲಗಿಸ್ಲಾ?"

ಅವಳು ಮನಸ್ಸಿನಲ್ಲೇ ಆ ಮೇಲ್ ಅನ್ನು ಮತ್ತೆ ಓದಿದಳು.

"ಹೆಂಗೋ ಕೈಕಾಲು ಹಿಡಿದು ಕೋಣೆ ಸಿಕ್ತು. ಆದ್ರೆ ಹಿಂಗಾದ್ರೆ ನಿನ್ನ ಖಾಯಂ ಮಾಡೋದು ಕಷ್ಟ."

ಆ ಮೇಲ್ ಬರೆದ ದಿನ ಯಾರು ಬಂದಿದ್ದರು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ನಡುವೆ ಫೋನ್ ಬಂದಿದ್ದೂ ನೆನಪಿತ್ತು. ಅವಸರದಲ್ಲಿ ಮತ್ತೆ ಓದದೆ ಕಳಿಸಿದ್ದು ಅದೊಂದನ್ನೇ.

"ಸರ್... ಆ ಭಾರ್ಗವ್ ನನ್ನ ಕಂಪ್ಯೂಟರ್‌ನಲ್ಲಿ ಏನೋ ಹಾಕಿದಾರೆ. ಅವರು ಬಂದಾಗ್ಲೇ ಹಿಂಗಾಗೋದು."

ಆಡಿ ಮುಗಿಸುವಷ್ಟರಲ್ಲಿ, ಬಾಗಿಲ ಬಳಿ ಬ್ಯಾಗ್ ಹಿಡಿದು ಭಾರ್ಗವ್ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನಾನೇನೂ ಹಾಕಿಲ್ಲ ಸರ್. ಏನಾಗ್ತಿದೆ ಅಂತ ಹೇಳಿದ್ರೆ ನೋಡ್ತೀನಿ..."

"ನೋಡಿದ್ದು ಸಾಕ್ರಿ" ಎಂದಳು ಸುಪ್ರೀತಾ.

ಅವನು ಅವಳ ಮುಖವನ್ನೇ ನೋಡಿದ. ಶಿವಶಂಕರಪ್ಪ ಅವನ ಮಾಲೀಕರಿಗೆ ಫೋನ್ ಮಾಡಿ, ಈ ಹುಡುಗ ಇನ್ನು ಬರುವುದು ಬೇಡ ಎಂದರು.

ಅಂದಿನಿಂದ ಅಕ್ಷರಗಳು ನಿಂತವು.

ಅನುಮಾನ ನಿಜವಾಯಿತಲ್ಲ ಎಂದು ಅವಳಿಗೆ ನೆಮ್ಮದಿ ಆಗಬೇಕಿತ್ತು. ಆದರೆ ಮಧ್ಯಾಹ್ನವಾದರೆ ಕಣ್ಣು ಹಲಗೆಯ ಅಂಚಿಗೆ ಹೋಗುತ್ತಿತ್ತು. "ತೊಂದರೆ ಏನಾದ್ರೂ ಇದೆಯಾ" ಎಂದು ಈ ಊರಿನಲ್ಲಿ ಅವಳನ್ನು ಕೇಳುತ್ತಿದ್ದವನು ಅವನೊಬ್ಬನೇ. ಛೇ, ಕಳ್ಳನ ಬಗ್ಗೆ ಇದೆಂಥ ಯೋಚನೆ...

ಯುಗಾದಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕಚೇರಿಯಲ್ಲಿ ಮೌನ. ಸುಪ್ರೀತಾ ಕೈಕಟ್ಟಿ ಪತ್ರ ಓದುತ್ತಿದ್ದಳು.

ಪರದೆಯ ಮೇಲೆ ಒಂದು ಅಕ್ಷರ ಮೂಡಿತು.

ಭಾರ್ಗವ್ ಇಲ್ಲ, ಅವನು ಈ ಕಡೆ ಸುಳಿದೇ ಇಲ್ಲ. ಆದರೂ ಅಕ್ಷರಗಳು ನಿಧಾನವಾಗಿ, ಒಂದೊಂದಾಗಿ ಬರುತ್ತಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ.

"ಪುಟ್ಟಿ, ಇದು ಅಪ್ಪ. ನಾನೇ ಟೈಪ್ ಮಾಡ್ತಾ ಇದೀನಿ..."

ಅವಳು ಮೆಲ್ಲಗೆ ಎದ್ದು ಹಲಗೆಯ ಆಚೆ ಇಣುಕಿದಳು. ಶಿವಶಂಕರಪ್ಪ ಕನ್ನಡಕ ಮೂಗಿನ ತುದಿಗಿಳಿಸಿ, ಒಂದೇ ಬೆರಳಿನಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತುತ್ತಿದ್ದರು. ಅವರು ಒತ್ತಿದರು. ಅವಳ ಪರದೆಯಲ್ಲಿ ಅಕ್ಷರ ಬಂತು.

ಸಾಹೇಬರು ಕೀಬೋರ್ಡ್ ಮುಟ್ಟುತ್ತಿದ್ದದ್ದೇ ಭಾರ್ಗವ್ ಪಾಠ ಹೇಳಲು ಬಂದಾಗ. ಅವನು ಬರುವುದು ನಿಂತಿತು, ಪಾಠವೂ ನಿಂತಿತು...

ಅಯ್ಯೋ ದೇವರೇ. ಏನು ಮಾಡಿಬಿಟ್ಟೆ ನಾನು?

ಒಂದು ಕ್ಷಣ, ಸುಮ್ಮನಿದ್ದುಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದೂ ಅನಿಸಿತು. ಖಾಯಂ ಆಗುವ ಹೊತ್ತು. ಸಾಹೇಬರ ತಪ್ಪನ್ನು ಸಾಹೇಬರಿಗೇ ತೋರಿಸುವುದು ಹೇಗೆ? ಆದರೆ ಬಾಗಿಲ ಬಳಿ ನಿಂತಿದ್ದ ಆ ಮುಖ ಅವಳನ್ನು ಸುಮ್ಮನಿರಲು ಬಿಡಲಿಲ್ಲ.

"ಸರ್, ಒಂದ್ಸಲ ಈ ಕಡೆ ಬಂದು ನೋಡ್ತೀರಾ?"

ಅವರು ಬಂದು ನೋಡಿದರು. ತಮ್ಮ ಮಗಳಿಗೆ ಬರೆದ ಸಾಲು ಅವಳ ಪರದೆಯ ಮೇಲಿತ್ತು.

"ಅಂದ್ರೆ... ಆ ಸೊನ್ನೆ ಅಳಿಸಿದವನು ನಾನೇನಾ?"

"ಇರ್ಬೇಕು ಸರ್."

"ಭಾರ್ಗವ್‌ ಪಾಠ ಹೇಳ್ವಾಗ ಅಳಿಸೋ ಕೀಲಿನೇ ಜಾಸ್ತಿ ಒತ್ತುತ್ತಿದ್ದೆ" ಎಂದು ಅವರು ತಲೆ ಕೆರೆದುಕೊಂಡರು. "ಪಾಪ, ಆ ಹುಡುಗನ್ನ ಕರೆಸಮ್ಮ."

"ನಾನೇ ಹೋಗ್ತೀನಿ ಸರ್."

ಫಹ್ಮಿದಾ ದಾರಿ ಹೇಳಿದಳು. ಶಿವಾಜಿನಗರದ ಗಲ್ಲಿಯಲ್ಲಿ, ಹಳೇ ಮಾನಿಟರ್‌ಗಳ ರಾಶಿಯ ನಡುವೆ ಮಾಲೀಕ ಅಹ್ಮದ್ ಪಾಷಾ ಚಹಾ ಕುಡಿಯುತ್ತಿದ್ದರು.

"ಇಂದಿರಾನಗರ ಮೇಡಂ ನೀವೇನಾ? ನಮ್ ಹುಡ್ಗನ್ನ ಕಳ್ಳ ಮಾಡಿದ್ರಲ್ಲಾ, ಇನ್ನೇನು ಬಾಕಿ ಇದೆ?"

"ತಪ್ಪಾತ್ರಿ. ಅದನ್ನ ಹೇಳಾಕ ಬಂದೀನಿ."

ಪಾಷಾ ಅವಳ ಮುಖ ನೋಡಿ, ಹೆಬ್ಬೆರಳನ್ನು ಒಳಕ್ಕೆ ತೋರಿಸಿದರು. "ಕಂಪ್ಲೇಂಟ್ ಬಂದ ಮೇಲೆ ಹೊರಗಿನ ಕೆಲಸ ಕೊಡಕ್ಕಾಗ್ಲಿಲ್ಲ. ಒಳಗೆ ಪ್ರಿಂಟರ್ ತೊಳೀತಾ ಕೂತಿದಾನೆ."

ಭಾರ್ಗವ್‌ನ ಮೊಣಕೈವರೆಗೂ ಕಪ್ಪು ಮಸಿ. ಅವಳನ್ನು ನೋಡಿದರೂ ಅವನು ಏಳಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ತಡವರಿಸುತ್ತಾ, ಹೇಳಿದ್ದನ್ನೇ ಮತ್ತೆ ಹೇಳುತ್ತಾ.

"ಎರಡೂ ಕೀಬೋರ್ಡ್ ಒಂದೇ ಚಾನಲ್‌ನಲ್ಲಿವೆ" ಎಂದ ಅವನು, ಮಸಿ ಒರೆಸಿಕೊಳ್ಳುತ್ತಾ. "ಸಾಹೇಬ್ರು ಒತ್ತಿದ್ದು ನಿಮ್ಮ ಕಂಪ್ಯೂಟರ್‌ಗೂ ಕೇಳಿಸ್ತಿದೆ. ಕೀಬೋರ್ಡ್ ಕೆಳಗೆ ಒಂದು ಸಣ್ಣ ಬಟನ್ ಇರುತ್ತೆ. ಅವತ್ತು ಅದನ್ನ ಒತ್ತೋದೊಂದು ಬಾಕಿ ಇತ್ತು. ನೀವು ಏಳ್ರಿ ಅಂದ್ರಿ."

ಅವಳಿಗೆ ಮುಖವೆಲ್ಲ ಬಿಸಿಯಾಯಿತು.

"ಆಮೇಲೆ ಬಂದಾಗೆಲ್ಲ ಕೇಳಿದ್ನಲ್ಲ, ತೊಂದರೆ ಇದೆಯಾ ಅಂತ?"

"ನಿಮ್ಮ ಮ್ಯಾಲೇ ಅನುಮಾನ ಇದ್ದಾಗ ನಿಮಗ ಹೆಂಗ್ ಹೇಳ್ಲಿ? ಎದಕ್ಕ ಅಷ್ಟು ಸಲ ಬಂದು ಕೇಳ್ತಾರ ಅಂತನೂ ಅನುಮಾನ ಬರ್ತಿತ್ತು."

"ಯಾಕೆ ಅಂದ್ಕೊಂಡ್ರಿ?"

"ಕದ್ದು ನೋಡಾಕ."

ಅವನು ಒಂದು ಕ್ಷಣ ತಲೆ ತಗ್ಗಿಸಿದ. "ಅದೇನೋ ಪೂರ್ತಿ ಸುಳ್ಳಲ್ಲ" ಎಂದು ತನ್ನಷ್ಟಕ್ಕೆ ಗೊಣಗಿಕೊಂಡ. ಆಮೇಲೆ ಗಟ್ಟಿಯಾಗಿ, "ನಾಳೆ ಬರ್ತೀನಿ ಮೇಡಂ" ಎಂದ.

ಮರುದಿನ ಅವನು ಬಂದ. ಶಿವಶಂಕರಪ್ಪ ಅವನ ಭುಜ ತಟ್ಟಿ, ಕ್ಷಮೆ ಕೇಳಿ, ಸುಪ್ರೀತಾಳ ಕಡೆ ತಿರುಗಿ, "ನಿಂದು ಖಾಯಂ ಆಯ್ತು, ಊರಿಗೆ ಫೋನ್ ಮಾಡು" ಎಂದು ಊಟಕ್ಕೆ ಹೊರಟರು. ಭಾರ್ಗವ್ ಅವರ ಕುರ್ಚಿಯಲ್ಲಿ ಕೂತ. ಅವಳು ಫೋನ್ ಮುಟ್ಟಲಿಲ್ಲ. ಹಲಗೆಯ ಆಚೆಗೆ ಕಿವಿಗೊಟ್ಟು ಕೂತಳು.

"ನೋಡ್ತಿರಿ ಮೇಡಂ. ಟೆಸ್ಟ್ ಮಾಡ್ತೀನಿ" ಎಂದ ಅವನು, ಆಚೆಯಿಂದ.

"ಹೂಂ."

ಪರದೆಯ ಮೇಲೆ ಅಕ್ಷರಗಳು ಮೂಡಿದವು. ಈ ಸಲ ಅವಳು ಹೆದರಲಿಲ್ಲ.

"ಸುಪ್ರೀತಾ ಅವರೇ, ನಾನು ಇಲ್ಲಿಗೆ ಪದೇ ಪದೇ ಬರ್ತಿದ್ದದ್ದು"

ಅಲ್ಲಿಗೆ ನಿಂತಿತು.

ಅವಳು ಕಾದಳು. ಕರ್ಸರ್‌ನ ಗೆರೆ ಮಿನುಗುತ್ತಲೇ ಇತ್ತು. ಮುಂದೆ ಒಂದು ಅಕ್ಷರವೂ ಬರಲಿಲ್ಲ. ಆಚೆ ಕೀಲಿಗಳ ಸದ್ದು ಮಾತ್ರ ಕೇಳುತ್ತಿತ್ತು.

"ಮುಂದಿಂದು ಬರ್ಲಿಲ್ರಿ."

"ಬಟನ್ ಒತ್ತಿಬಿಟ್ಟೆ. ಚಾನಲ್ ಬದಲಾಯ್ತು. ಇನ್ನು ಬರೋದಿಲ್ಲ."

"ಮಾತು ಮುಗಿಯೋದ್ರಾಗ ಯಾಕ ಒತ್ತಿದ್ರಿ?"

ಆಚೆ ಕೀಲಿಗಳ ಸದ್ದು ನಿಂತಿತು.

"ಧೈರ್ಯ ಸಾಲಲಿಲ್ಲ."

ಅವಳ ತುಟಿಯಂಚಿನಲ್ಲಿ ನಗು ಮೂಡಿತು. ಎಷ್ಟೋ ದಿನಗಳ ಮೇಲೆ.

"ಹಂಗಾರ ಬಾಯಿಲೆ ಹೇಳ್ರಿ. ಅರ್ಧಕ್ಕ ಬಿಟ್ರ ನನಗ ಮತ್ತ ಅನುಮಾನ ಬರ್ತದ."

ಕುರ್ಚಿ ಸರಿದ ಸದ್ದಾಯಿತು. ಅವನು ಹಲಗೆಯ ಅಂಚಿಗೆ ಬಂದು ನಿಂತ. ಕೈಯ ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಕಂಪ್ಯೂಟರ್ ನೋಡಕ್ಕಲ್ಲ" ಎಂದ, ಮೆಲ್ಲಗೆ. "ನಿಮ್ಮನ್ನ ನೋಡಕ್ಕೆ. ಜೇಡರಬಲೆ ಹತ್ತಿದ ದಿನದಿಂದ."

ಸುಪ್ರೀತಾ ಫೋನನ್ನು ಮಡಿಲಿಗೆ ಎಳೆದುಕೊಂಡಳು. ಗದಗದ ನಂಬರಿನ ಮೊದಲ ಅಂಕೆಗಳನ್ನು ಒತ್ತಿ, ನಡುವೆ ತಡೆದು, ಅವನತ್ತ ನೋಡಿದಳು.

"ಅಪ್ಪಗ ಫೋನ್ ಮಾಡಾಕತ್ತೀನಿ. ಕೆಲಸ ಖಾಯಂ ಆತು ಅಂತ ಹೇಳ್ತೀನಿ. ನಿಮ್ಮ ಬಗ್ಗೆ ಏನಂತ ಹೇಳ್ಲಿ?"

"ನಿಮ್ಗೆ ಏನನ್ಸುತ್ತೋ ಅದನ್ನೇ ಹೇಳಿ."

"ತೊಂದರೆ ಐತೇನು ಅಂತ ಕೇಳೋರು ಒಬ್ರು ಸಿಕ್ಕಾರ ಅಂತ ಹೇಳ್ತೀನಿ" ಎಂದಳು. "ಈಗ ಒಮ್ಮೆ ಕೇಳ್ರಿ."

ಭಾರ್ಗವ್ ಗಂಟಲು ಸರಿಮಾಡಿಕೊಂಡ.

"ತೊಂದರೆ ಏನಾದ್ರೂ ಇದೆಯಾ, ಸುಪ್ರೀತಾ?"

"ಐತಿ" ಎಂದಳು ಅವಳು. "ನಾಳೆನೂ ಬರ್ರಿ."