ಪೆದ್ದಮ್ಮನ ನೂಲಿಗೆ ಸಿಕ್ಕ ಜೀಪು

ಜೀಪು ಚರಂಡಿಗಿಳಿದು, ಹಿಂಭಾಗವನ್ನು ಹುಣಸೆಮರಕ್ಕೆ ಆನಿಸಿಕೊಂಡು ಕೂತಿತ್ತು.

ಸೋಮಂದೇಪಲ್ಲಿಯ ಹತ್ತಿರ, ಮಟಮಟ ಮಧ್ಯಾಹ್ನ. ರಸ್ತೆ ನೆಟ್ಟಗಿತ್ತು. ಎದುರಿಗೆ ಬಸ್ಸಿಲ್ಲ, ದನವಿಲ್ಲ. ಅಂಥ ಕಡೆ ಗಾಡಿ ಉರುಳೋಕೆ ಪುಣ್ಯ ಮಾಡಿರಬೇಕು.

ಒಳಗಿದ್ದವರು ಮೂವರು. ಕಲ್ಯಾಣದುರ್ಗದ ಕಡಲೆಕಾಯಿ ಮಿಲ್ಲಿನ ಧಣಿ ವೆಂಕಟರಾಯಪ್ಪ, ಅವರ ಹೆಂಡತಿ ಆದಿಲಕ್ಷ್ಮಮ್ಮ, ಡ್ರೈವರ್ ಓಬಣ್ಣ. ಹಿಂದೂಪುರದಿಂದ ಊರಿಗೆ ಹೊರಟಿದ್ದರು. ಅಮ್ಮನವರ ಬಲಗೈ ಮುರಿದಿತ್ತು.

"ಬೇಕಂತಲೇ ಬೀಳಿಸವ್ನೆ ಸಾರ್," ಧಣಿ ನಮ್ಮ ಎಸ್‌ಐ ಈರಲಿಂಗಪ್ಪನವರಿಗೆ ಹೇಳಿದರು. "ಕೆಲಸದಿಂದ ತೆಗೀತೀನಿ ಅಂದಿದ್ದೆ. ಆ ಸೇಡು."

"ಸ್ಟೇರಿಂಗ್ ನನ್ನ ಮಾತು ಕೇಳ್ಲಿಲ್ಲ ಸಾರ್," ಓಬಣ್ಣ ಅಂದ. "ಎಡಕ್ಕೆ ಎಳೀತು. ತಿದ್ದಿದ್ರೆ ಬಲಕ್ಕೆ ಓಡ್ತು. ಹೊರಡೋವಾಗ್ಲೇ ಹೇಳ್ದೆ, ನೋಡಿಬುಡ್ತೀನಿ ಅಂತ. ಧಣಿ ಬೇಡ ಅಂದ್ರು."

ಎಸ್‌ಐ ಅವನ ಲೈಸೆನ್ಸನ್ನು ಮೇಜಿನ ಡ್ರಾಯರಿಗೆ ಹಾಕಿದರು. ಅದು ರದ್ದಾದರೆ ಓಬಣ್ಣನಿಗೆ ಇಡೀ ಜಿಲ್ಲೆಯಲ್ಲಿ ಯಾರೂ ಗಾಡಿ ಕೊಡುವುದಿಲ್ಲ. ಅವನನ್ನು ಲಾಕಪ್ಪಿಗೆ ತಳ್ಳಿ ಬೀಗ ಹಾಕಿದವನು ನಾನೇ, ಕಾನ್‌ಸ್ಟೇಬಲ್ ನರಸಿಂಹಪ್ಪ.

* * *

ಜೀಪನ್ನು ಎಳೆಸಿ ಠಾಣೆಯ ಮುಂದೆ ನಿಲ್ಲಿಸಿದೆವು. ನಮ್ಮ ವ್ಯಾನ್ ಡ್ರೈವರ್ ತೋಟಪ್ಪ ಚಕ್ರ ಅಲ್ಲಾಡಿಸಿದ, ಗಾಳಿ ನೋಡಿದ, ನಟ್ಟು ಬಿಗಿ ಮಾಡಿ ನೋಡಿದ.

"ಎಲ್ಲಾ ಗಟ್ಟಿಯಾಗೈತೆ. ಮುಂದಿನ ಎರಡು ಚಕ್ರ ಕೂಡಿಸೋ ಕಂಬಿ ಒಂಚೂರು ಬಗ್ಗೈತೆ. ಮರಕ್ಕೆ ಬಡಿದಾಗ ಆಗಿರ್ತದೆ."

ಗಾಡಿ ಸರಿ ಇದೆ ಅಂದರೆ ಡ್ರೈವರ್ ಕಳ್ಳ. ಎಸ್‌ಐ ಪೆನ್ನು ತೆಗೆದರು.

ಅಷ್ಟರಲ್ಲಿ ಪೆದ್ದಮ್ಮ ಜಗಳಕ್ಕೆ ಬಂದಳು. ಠಾಣೆಯ ಬೀದಿಯ ನೇಕಾರಗಿತ್ತಿ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ ಗಂಜಿ ಹಚ್ಚಿ ಬೀದಿಯುದ್ದಕ್ಕೂ ಎಳೆದು ಕಟ್ಟುವುದು ಅವಳ ಕೆಲಸ. ಜೀಪು ಅಡ್ಡ ನಿಂತಿತ್ತು.

"ತೆಗೀರಪ್ಪ ಇದನ್ನ. ನನ್ನ ಹಾಸು ಒಣಗ್ಬೇಕು." ಆಮೇಲೆ ಜೀಪಿನ ಮೂತಿ ನೋಡಿ ನಿಂತಳು. "ಇದೇನ್ಲಾ, ಎರಡು ಚಕ್ರ ಎರಡು ದಿಕ್ಕು ನೋಡ್ತಾವೆ? ಮುನಿಸ್ಕೊಂಡ ಗಂಡ ಹೆಂಡ್ತಿ ಥರ."

ತೋಟಪ್ಪ ನಕ್ಕ. ನಾನೂ ನಕ್ಕೆ. ನನಗಂತೂ ಎರಡೂ ನೆಟ್ಟಗೇ ಕಂಡವು.

ಪೆದ್ದಮ್ಮ ಮಡಿಲಿಂದ ನೂಲು ತೆಗೆದಳು. ಎರಡು ಟೈರುಗಳ ಮುಂದಿನ ಅಂಚಿನ ನಡುವೆ ಎಳೆದು ಗಂಟು ಹಾಕಿದಳು. ಅದೇ ನೂಲನ್ನು ಅದೇ ಎತ್ತರದಲ್ಲಿ, ಹಿಂದಿನ ಅಂಚಿನ ನಡುವೆ ಹಿಡಿದಳು. ನೂಲು ಎರಡು ಬೆರಳಗಲ ಮಿಕ್ಕಿತು.

ಯಾರೂ ನಗಲಿಲ್ಲ. ಸಾವಿರ ಎಳೆ ನೋಡಿ ಪಳಗಿದ ಕಣ್ಣು, ನಿಂತ ಕಡೆಯೇ ಎರಡು ಬೆರಳಿನ ಸೊಟ್ಟ ಹಿಡಿದಿತ್ತು.

"ಮುಂದೆ ಅಗಲ, ಹಿಂದೆ ಕಿರಿದು," ಅಂದಳು. "ಒಂದು ಆ ಕಡೆ ಹೋಯ್ತೀನಿ ಅಂತದೆ, ಇನ್ನೊಂದು ಈ ಕಡೆ. ಓಡಿಸೋನು ಏನು ಮಾಡ್ತಾನೆ?"

* * *

"ಮರಕ್ಕೆ ಬಡಿದು ಆಗಿದ್ದಲ್ವಾ?" ಎಸ್‌ಐ ಕೇಳಿದರು.

ಈ ಸಲ ನಾನೇ ಟೈರು ಸವರಿದೆ. ಎರಡರ ಒಳ ಅಂಚೂ ಸವೆದು ರಬ್ಬರು ಎಳೆಎಳೆಯಾಗಿ ಎದ್ದಿತ್ತು. ಸೊಟ್ಟ ಚಕ್ರ ಮೈಲಿಗಟ್ಟಲೆ ಉಜ್ಜಿಕೊಂಡು ಬಂದಿದೆ. ಮೇಲಾಗಿ ಮರಕ್ಕೆ ಬಡಿದದ್ದು ಜೀಪಿನ ಹಿಂಭಾಗ. ಕಂಬಿ ಇರುವುದು ಮುಂದೆ.

ಜೀಪಿನಡಿಗೆ ತೂರಿದೆ. ಕಂಬಿಯ ನಡು ಮುಂದಕ್ಕೆ ಬಿಲ್ಲಿನಂತೆ ಬಾಗಿತ್ತು. ಬಾಗಿದ್ದಕ್ಕೇ ಗಿಡ್ಡವಾಗಿ ಚಕ್ರಗಳ ಹಿಂಭಾಗವನ್ನು ಹತ್ತಿರ ಎಳೆದಿತ್ತು. ಗ್ರೀಸಿಗೆ ಮರಳು ಮೆತ್ತಿತ್ತು, ಒಂದಷ್ಟು ನಾರೂ ಅಂಟಿತ್ತು. ಪೆದ್ದಮ್ಮ ಅದನ್ನು ಹೊಸೆದು ನೋಡಿದಳು.

"ಕತ್ತಾಳೆ ನಾರು. ಎತ್ತಿನ ಹಗ್ಗ ಕಣಪ್ಪ."

ನಾನು ಲಾಕಪ್ಪಿನ ಹತ್ತಿರ ಓಡಿದೆ. "ಓಬಣ್ಣ, ಹಿಂದೂಪುರಕ್ಕೆ ಹೋಗೋವಾಗ ಗಾಡಿ ಹೆಂಗಿತ್ತು?"

"ಹೂವಿನಂಗಿತ್ತು ಸಾರ್. ಸೋಮವಾರ ಧಣಿ ರಜಾ ಕೊಟ್ರು, ಲೇಪಾಕ್ಷಿಗೆ ಅಕ್ಕನ ಮನೆಗೆ ಹೋಗಿದ್ದೆ. ಮಂಗಳವಾರ ಬಂದಾಗ ಕೆಟ್ಟಿತ್ತು."

"ಬೀಗದ ಕೈ?"

"ಧಣೇರತ್ರಾನೇ."

* * *

ಮರಳು, ಎತ್ತು, ಹಗ್ಗ. ಹಿಂದೂಪುರದ ಹತ್ತಿರ ಅಷ್ಟು ಮರಳಿರುವುದು ಪೆನ್ನಾರಿನಲ್ಲಿ. ಮಾರನೆಯ ದಿನ ಸೈಕಲ್ ತುಳಿದೆ. ಹೊಳೆ ದಾಟುವ ಎತ್ತಿನಗಾಡಿಯವರನ್ನು ಕೇಳುತ್ತಾ ಹೋದೆ. ಮೂರನೆಯವನು ಬೈಲಪ್ಪ. ಅವನನ್ನು ಕರೆತಂದೆ.

ಠಾಣೆಯಲ್ಲಿ ಧಣಿ ಕೂತಿದ್ದರು. ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡ ಆದಿಲಕ್ಷ್ಮಮ್ಮ. ಬೈಲಪ್ಪ ಕೈಮುಗಿದು ನಕ್ಕ.

"ಧಣೀ, ಮೊನ್ನೆ ಗಾಡಿ ಸಲೀಸಾಗಿ ಹೋಯ್ತಾ?"

ಧಣಿಯ ಮುಖ ಬೆಳ್ಳಗಾಯಿತು.

"ಸೋಮವಾರ ಇವರೊಬ್ರೇ ಬಂದು ಮರಳಲ್ಲಿ ಹೂತ್ಕೊಂಡ್ಬುಟ್ಟಿದ್ರು ಸಾರ್," ಅಂದ ಬೈಲಪ್ಪ. "ಎರಡು ಜೊತೆ ಎತ್ತು ಕಟ್ಟಿ ಎಳ್ದೆ. ನಮ್ಮ ಗಾಡಿಗಾದ್ರೆ ಮುಂದಕ್ಕೆ ಚಾಚಿದ ಮೂಕಿಮರ ಇರ್ತದೆ, ಅದಕ್ಕೆ ಕಟ್ತೀವಿ. ಇದಕ್ಕೆ ಎಲ್ಲೈತೆ? ಕೈಗೆ ಸಿಕ್ಕಿದ ಕಂಬಿಗೆ ಬಿಗಿದೆ."

ಎಸ್‌ಐ ಧಣಿಯ ಕಡೆ ತಿರುಗಿದರು. "ಗಾಡಿ ಕೆಟ್ಟಿದೆ ಅಂತ ಡ್ರೈವರ್ ಹೇಳಿದಾಗ ನೋಡೋಕೆ ಬಿಡಲಿಲ್ಲ. ನೋಡಿದ್ರೆ ಹಗ್ಗದ ಗುರುತು ಸಿಗ್ತಿತ್ತು. ಯಾಕೆ ಮುಚ್ಚಿಟ್ರಿ?"

ಧಣಿ ಹೆಂಡತಿಯ ಕೈಯ ಪಟ್ಟಿ ನೋಡಿದರು. "ಹೋದ ವರ್ಷ ಜೀಪನ್ನ ಒಂದು ಕರು ಮೇಲೆ ಹತ್ತಿಸಿದ್ದೆ. ಇನ್ನು ಸ್ಟೇರಿಂಗ್ ಮುಟ್ಟಲ್ಲ ಅಂತ ಇವಳ ತಲೆ ಮುಟ್ಟಿ ಆಣೆ ಮಾಡಿದ್ದೆ. ಆಸೆ ತಡೀಲಿಲ್ಲ. ಆಣೆ ಮುರಿದೆ. ಮಾರನೇ ದಿನವೇ ಇವಳ ಕೈ ಮುರೀತು. ಆಣೆ ತಟ್ಟೇಬಿಡ್ತು ಅಂತ ಹೆದರಿ ಬಾಯಿಗೆ ಬಂದದ್ದು ಹೇಳ್ಬುಟ್ಟೆ."

ಆದಿಲಕ್ಷ್ಮಮ್ಮ ಗಂಡನನ್ನು ನೋಡಲಿಲ್ಲ. ಲಾಕಪ್ಪಿನ ಕಡೆ ನೋಡಿದರು.

"ನನಗೇನೂ ತಟ್ಟಿಲ್ಲ ಕಣ್ರೀ. ಕೈ ಕೂಡ್ಕೊಂತದೆ. ತಟ್ಟಿದ್ದು ಓಬಣ್ಣನಿಗೆ."

* * *

ಹಿಂದೂಪುರದಿಂದ ಹೊಸ ಕಂಬಿ ಬಸ್ಸಿನಲ್ಲಿ ಬಂತು. ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಬೆಂಕಿಕಡ್ಡಿಯ ದಪ್ಪದಷ್ಟು ಕಿರಿದಾಗಿರಬೇಕು ಅಂತ ಅದನ್ನು ತಂದ ಮೇಸ್ತ್ರಿ ಹೇಳಿದ. ಪೆದ್ದಮ್ಮ ನೂಲು ಹಿಡಿದಳು, ಅವನು ಕಂಬಿ ತಿರುಗಿಸಿದ. "ಸಾಕು" ಅಂದಳು. ಅವನು ಅಳೆದು ನೋಡಿ ಅವಳಿಗೆ ಕೈಮುಗಿದ. ಲಾಕಪ್ಪಿಂದ ಹೊರಬಂದ ಓಬಣ್ಣ ಬೀದಿಯಲ್ಲಿ ಓಡಿಸಿ, ಒಂದು ಗಳಿಗೆ ಸ್ಟೇರಿಂಗಿನಿಂದ ಕೈ ತೆಗೆದ. ಜೀಪು ನೆಟ್ಟಗೆ ಹೋಯಿತು. ಅದನ್ನು ನೋಡುತ್ತಾ ನಾನು ಬಾಯಿ ಮುಚ್ಚುವುದನ್ನೇ ಮರೆತಿದ್ದೆ.

ಎಸ್‌ಐ ಧಣಿಯಿಂದ ಹೊಸ ಹೇಳಿಕೆ ಬರೆಸಿಕೊಂಡರು. ಲೈಸೆನ್ಸನ್ನೂ ಆ ಕಾಗದವನ್ನೂ ಓಬಣ್ಣನ ಕೈಗೆ ಧಣಿಯೇ ಕೊಡಬೇಕು ಅಂದರು. ಧಣಿ ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟರು.

ಓಬಣ್ಣನಿಗೆ ಓದು ಬಾರದು. ಕಾಗದವನ್ನು ಆದಿಲಕ್ಷ್ಮಮ್ಮನ ಮುಂದೆ ಹಿಡಿದ. ಅವರು ಎಡಗೈಯಲ್ಲಿ ತೆಗೆದುಕೊಂಡು, ಠಾಣೆಗೆಲ್ಲ ಕೇಳುವಂತೆ ಓದಿದರು. "ತಪ್ಪು ನನ್ನದು. ಓಬಣ್ಣನದು ಏನೂ ತಪ್ಪಿಲ್ಲ."

ಓಬಣ್ಣ ಲೈಸೆನ್ಸನ್ನು ಜೇಬಿಗೆ ಹಾಕಿಕೊಂಡು ಕಣ್ಣೊರೆಸಿಕೊಂಡ.

"ಇನ್ನೊಂದ್ ಸಲ ಓದ್ರಮ್ಮ," ಅಂದ.