ಮೆಟ್ಟಿಲ ತಿರುವಿನ ಮೊಳೆ

"ಆ ಮೊಳೆ ಒಂದನ್ನ ಬಿಟ್ಟುಬಿಡಿ ತಾಯಿ," ಎಂದ ಕಾವಲುಗಾರ ಮುದುಕ. "ನಿಮಗೆ ಬೇರೆ ಗೋಡೆ ಸಿಗಲಿಲ್ವಾ?"

ಸರ್ವೆಯವಳು ನಕ್ಕಳು. ಹೊಳೆ ಎಷ್ಟು ಸಲ ಊರೊಳಗೆ ನುಗ್ಗಿದೆ, ಎಲ್ಲಿಯವರೆಗೆ ಏರಿದೆ ಎಂದು ನಕ್ಷೆ ಮಾಡಲು ಅವಳು ಈ ಪುಟ್ಟ ಹಳ್ಳಿಗೆ ಬಂದು ಹತ್ತು ದಿನವಾಗಿತ್ತು. ದಂಡೆಯ ಮೇಲಿನ ಹಳೆಯ ಕಚೇರಿಯ ಮೆಟ್ಟಿಲ ಗೋಡೆಯೇ ಅವಳಿಗೆ ಸಿಕ್ಕ ದೊಡ್ಡ ದಾಖಲೆ. ಒಂದೊಂದು ನೆರೆಗೂ ಒಂದೊಂದು ಕೆಂಪು ಗೆರೆ, ಪಕ್ಕದಲ್ಲಿ ಇಸವಿ. ಎಲ್ಲಕ್ಕಿಂತ ಮೇಲಿನ ಗೆರೆಯ ಕೆಳಗೆ, ಮೆಟ್ಟಿಲು ತಿರುಗುವಲ್ಲಿ, ಗೇಣುದ್ದದ ಕಬ್ಬಿಣದ ಮೊಳೆ. ಅದಕ್ಕೆ ಸುತ್ತಿದ್ದ ಕೂದಲು ಕೊಳೆತು ಗಾರೆಗೆ ಅಂಟಿತ್ತು. ಹತ್ತಿರ ಹೋದರೆ ಕೆಸರು, ಹಸಿ ರಕ್ತದ ವಾಸನೆ.

"ಮಾಟ ಮಾಡಿ ಹೊಳೇನ ಕಟ್ಟಿ ಹಾಕಿರೋದು ಅದರಲ್ಲೇ. ಕಿತ್ತರೆ ನೀರು ಬಿಚ್ಕೊಳ್ಳುತ್ತೆ."

"ಹಾಗಿದ್ರೆ ನನ್ನ ಕೆಲಸ ಸುಲಭ ಆಯ್ತಲ್ಲ ತಾತ! ಊರಿಗೊಂದು ಮೊಳೆ ಹೊಡೆದು ಮನೆಗೆ ಹೋಗ್ತೀನಿ."

ಅಳತೆಪಟ್ಟಿ ಕೂರಿಸಲು ಅದೇ ಜಾಗ ಬೇಕಿತ್ತು. ಸುತ್ತಿಗೆಯ ಹಿಂಬದಿಯಿಂದ ಮೀಟಿದಳು. ಬೇರುಸಮೇತ ಹಲ್ಲು ಕಿತ್ತ ಹಾಗೆ ಮೊಳೆ ಹೊರಬಂತು. ತೂತಿನಿಂದ ನೀರು ಒಸರಿತು. ಮುದುಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ಬುತ್ತಿ ಹಿಡಿದು ಅವಳ ಅಕ್ಕ ಬಂದಳು. ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು. ತಂಗಿಗೆ ಎಲ್ಲಿ ಕೆಲಸವೋ ಅಲ್ಲೇ ಅವಳ ಒಲೆ. "ಆಕಾಶ ನೋಡಿದ್ಯೇನೇ? ಮಟಮಟ ಮಧ್ಯಾಹ್ನ, ಕತ್ತಲೆ ಕವೀತಿದೆ," ಎಂದಳು.

ಮಳೆಯ ಹನಿಯೇ ಬೀಳಲಿಲ್ಲ. ಹೊಳೆ ಮಾತ್ರ ಗೊರಗೊರ ಸದ್ದು ಮಾಡುತ್ತ ದಂಡೆ ದಾಟಿತು. ಅಂಗಡಿಯವರು, ಟೀಚರಮ್ಮ, ಬಾಣಂತಿ, ಎಲ್ಲರೂ ಕಚೇರಿಗೆ ಓಡಿಬಂದರು. ಊರಿಗೆ ಇದ್ದದ್ದು ಅದೊಂದೇ ಮಹಡಿ. ಮೇಲಿನ ಹಜಾರದಲ್ಲಿ ನಲವತ್ತು ಜನ ಒತ್ತಿಕೊಂಡು ನಿಂತರು. ಅದರಾಚೆ ಹೆಂಚಿನ ಮಾಡು, ಬೇರೆಲ್ಲಿಗೂ ದಾರಿಯಿಲ್ಲ. ಕೆಳಗೆ ಕಪ್ಪು ನೀರು ಒಂದೊಂದೇ ಕೆಂಪು ಗೆರೆಯನ್ನು ನುಂಗುತ್ತ ಮೆಟ್ಟಿಲು ಹತ್ತುತ್ತಿತ್ತು.

ಸರ್ವೆಯವಳು ಮೊಳೆ, ಸುತ್ತಿಗೆ ಹಿಡಿದು ತಿರುವಿಗೆ ಇಳಿದಳು. ಎದೆಮಟ್ಟ ನೀರು. ಹೊಡೆದಳು. ಮೊಳೆ ಜಾರಿತು. ಮತ್ತೆ ಹೊಡೆದಳು. ಬೆರಳು ಜಜ್ಜಿಹೋಯಿತು. ತೂತು ಕಣ್ಣೆದುರೇ ಇತ್ತು, ಮೊಳೆ ಒಳಗೆ ಹೋಗಲೊಲ್ಲದು.

"ಕಿತ್ತ ಕೈಗೆ ಅದು ಒಗ್ಗಲ್ಲ," ಮೇಲಿನ ಮೆಟ್ಟಿಲಿಂದ ಮುದುಕ ಕೂಗಿದ. "ಕಿತ್ತವರ ಮನೆಯವರೇ ಹೊಡೀಬೇಕು. ಹೊಡೆದವರು ಮೇಲೆ ಬರಲ್ಲ. ಹಿಂದಿನ ಸಲ ಕಿತ್ತವನು ನಾನು. ಇಳಿದವಳು ನನ್ನ ಹೆಂಡತಿ."

ನಲವತ್ತು ಜೋಡಿ ಕಣ್ಣು ಅಕ್ಕನ ಮೇಲೆ ನೆಟ್ಟವು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು ಬಂದಳು.

"ಬೇಡಕ್ಕಾ! ಇನ್ನೊಂದು ಗಂಟೆ ತಡಿ. ನೀರು ತಾನಾಗೇ ಇಳಿಯುತ್ತೆ, ನನ್ನ ಲೆಕ್ಕದ ಪ್ರಕಾರ..."

"ನಿನ್ನ ಲೆಕ್ಕ ಹಾಳಾಗ್ಲಿ. ಮೇಲೆ ಹಸುಗೂಸು ಅಳ್ತಿರೋದು ಕೇಳಿಸ್ತಿಲ್ವಾ? ಕೊಡು ಇಲ್ಲಿ."

ತಂಗಿ ಮುಷ್ಟಿ ಬಿಗಿಹಿಡಿದಳು. ಅಕ್ಕ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹಿಂದಿನಿಂದ ಯಾರದೋ ಕೈಗಳು ತಂಗಿಯನ್ನು ಮೇಲಕ್ಕೆಳೆದವು. ಒದ್ದಳು. ಕಚ್ಚಿದಳು. ಆ ಕೈಗಳು ಬಿಡಲಿಲ್ಲ.

ಠಣ್.

ನೀರು ಅಕ್ಕನ ಕುತ್ತಿಗೆಗೆ ಬಂತು.

ಠಣ್.

ಗಲ್ಲ. ತುಟಿ. ಮೂಗು. ಸುತ್ತಿಗೆ ಹಿಡಿದ ಕೈಯೊಂದೇ ಮೇಲೆ.

ಠಣ್.

ಕೈ ಮುಳುಗಿತು. ಹೊಳೆಯ ಸದ್ದು ತಟ್ಟನೆ ಅಡಗಿತು.

ಸಂಜೆ ಹೊತ್ತಿಗೆ ಮೆಟ್ಟಿಲ ಮೇಲೆ ಕೆಸರು ಮಾತ್ರ ಉಳಿದಿತ್ತು. ಮೊಳೆ ಗೋಡೆಯೊಳಗೆ ಗಟ್ಟಿಯಾಗಿ ಕೂತಿತ್ತು. ಅಕ್ಕ ಇರಲಿಲ್ಲ. ತಂಗಿ ಕೆಸರಿನಲ್ಲಿ ಮಂಡಿಯೂರಿ ಎರಡೂ ಕೈಯಿಂದ ತಡಕಾಡಿದಳು. ಜನ ಒಬ್ಬೊಬ್ಬರಾಗಿ ಅವಳ ಪಕ್ಕದಿಂದ, ಸೀರೆ ಪಂಚೆ ಎತ್ತಿ ಹಿಡಿದು, ಜಾರದಂತೆ ಹುಷಾರಾಗಿ ಇಳಿದು ಹೋದರು. ಕೊನೆಗೆ ಬಾಣಂತಿ ಬಂದಳು. ಒಂದು ಕ್ಷಣ ನಿಂತಳು. ಮಗುವಿನ ಮುಖದ ಮೇಲೆ ಸೆರಗು ಎಳೆದುಕೊಂಡು ಅವಳೂ ಇಳಿದುಬಿಟ್ಟಳು.